ಒಮ್ಮುಖ ಸಲುಗೆ: ಗಡಿಯಾರ ಯಾರ ಕೈಯಲ್ಲಿದೆ?

ಮೂರು ವಾರದ ಅಂತರದಲ್ಲಿ ಎರಡು ಸುದ್ದಿ ಬಂದವು. 2025ರ ನವೆಂಬರ್ 18ರಂದು ಕೇಂಬ್ರಿಜ್ ನಿಘಂಟಿನವರು ‘ಪ್ಯಾರಾಸೋಶಿಯಲ್’, ಅಂದರೆ ಒಮ್ಮುಖ ನಂಟಿನ, ಎಂಬುದನ್ನು ಆ ವರ್ಷದ ಪದವಾಗಿ ಆರಿಸಿದರು. ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ ಹೊಸ ಕಾನೂನು ಜಾರಿಗೆ ಬಂತು. 16 ತುಂಬದವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್‌ನಂಥ ಕಡೆ ಖಾತೆ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅದು.

ಎರಡನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಗುರುತು ಪರಿಚಯ ಇಲ್ಲದ ಪ್ರಸಿದ್ಧರನ್ನು ನಮ್ಮವರೇ ಅಂದುಕೊಳ್ಳುವುದು ದೊಡ್ಡವರಲ್ಲೂ ಮಾಮೂಲಾಗಿದೆ ಎನ್ನುತ್ತದೆ ಮೊದಲನೆಯ ಸುದ್ದಿ. ಮಕ್ಕಳನ್ನು ಜಾಲತಾಣಗಳಿಂದ ದೂರ ಇಡಬೇಕು ಎನ್ನುತ್ತದೆ ಎರಡನೆಯದು. ಹಾಗಾದರೆ ತೊಂದರೆ ಇರುವುದು ಎಲ್ಲಿ? ಅತಿಯಾಗಿ ಹಚ್ಚಿಕೊಳ್ಳುವುದರಲ್ಲಾ, ಅತಿಯಾಗಿ ನೋಡುವುದರಲ್ಲಾ? 16 ದಾಟಿದ ಮೇಲೆ ಅದು ತಾನಾಗೇ ಸರಿಹೋಗುತ್ತದಾ?

ಹಚ್ಚಿಕೊಳ್ಳುವುದು ಒಂದು ವಿಷಯ, ಹೊತ್ತು ಕಳೆಯುವುದು ಇನ್ನೊಂದು. ಮೊದಲನೆಯದನ್ನು ಸಂಶೋಧಕರು ಸುಮಾರು ಎಪ್ಪತ್ತು ವರ್ಷದಿಂದ ನೋಡುತ್ತಾ ಬಂದಿದ್ದಾರೆ, ಅದರಲ್ಲಿ ಹೆದರುವಂಥದ್ದು ಕಡಿಮೆ. ಎರಡನೆಯದರ ಬಗ್ಗೆ ಅವರಲ್ಲೇ ಒಮ್ಮತ ಇಲ್ಲ. ಹೊಸತು ಇರುವುದು ಇವೆರಡನ್ನೂ ಸೇರಿಸಿ ಹೊಲಿದ ಜಾಗದಲ್ಲಿ. ಹಚ್ಚಿಕೊಂಡದ್ದನ್ನು ಹೊತ್ತಾಗಿ, ಹೊತ್ತನ್ನು ಹಣವಾಗಿ ಮಾಡುವ ಏರ್ಪಾಡು ಅದು.

ರೇಡಿಯೋ ಕಾಲದ ಮಾತು

ಪ್ಯಾರಾಸೋಶಿಯಲ್ ಎಂಬ ಪದ ಇನ್‌ಸ್ಟಾಗ್ರಾಂ ಜೊತೆ ಹುಟ್ಟಿದ್ದಲ್ಲ. 1956ರಲ್ಲಿ ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು ಬರೆದ ಲೇಖನದಿಂದ ಅದು ಬಳಕೆಗೆ ಬಂತು. ಆಗ ಟಿವಿ ಮನೆಗಳಿಗೆ ಹೊಸದಾಗಿ ಕಾಲಿಡುತ್ತಿತ್ತು. ಕಾರ್ಯಕ್ರಮ ನಡೆಸಿಕೊಡುವವರು ನೇರ ಕ್ಯಾಮೆರಾ ನೋಡುತ್ತಾ, ಎದುರಿಗೆ ಕೂತವರ ಜೊತೆ ಹರಟಿದ ಹಾಗೆ ಮಾತಾಡುತ್ತಿದ್ದರು. ನೋಡುವವರು ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದರು. ಹೀಗೆ ವಾರಗಟ್ಟಲೆ ನಡೆದರೆ ಆ ವ್ಯಕ್ತಿ ಹಳೆಯ ಸ್ನೇಹಿತರ ಹಾಗೆ ಅನಿಸತೊಡಗುತ್ತಾರೆ ಎಂಬುದನ್ನು ಇವರು ಗಮನಿಸಿದರು.

ಅವರು ಕೊಟ್ಟ ಉದಾಹರಣೆಗಳಲ್ಲಿ ‘ಲೋನ್‌ಸಮ್ ಗ್ಯಾಲ್’ ಎಂಬ ರೇಡಿಯೋ ಕಾರ್ಯಕ್ರಮವೂ ಒಂದು. ಒಂಟಿ ಹೆಣ್ಣಿನ ದನಿಯೊಂದು, ಕೇಳುತ್ತಿರುವ ಒಬ್ಬನೇ ಗಂಡಸಿಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡುತ್ತಿತ್ತು. ನಡುನಡುವೆ ಹಾಡು. ಅಷ್ಟೇ. ಪತ್ರಗಳು ಮಾತ್ರ ಸಾವಿರಗಟ್ಟಲೆ ಬಂದವು. ಅವುಗಳಲ್ಲಿ ಮದುವೆಯ ಪ್ರಸ್ತಾಪಗಳೂ ಇದ್ದವು.

ಹಾರ್ಟನ್ ಮತ್ತು ವೋಲ್ ಈ ನಂಟಿನ ಲಕ್ಷಣಗಳನ್ನು ಬಿಡಿಸಿ ಹೇಳಿದರು. ಇದು ಒಂದೇ ಕಡೆಯದು. ಹಿಡಿತವೆಲ್ಲ ಮಾತಾಡುವವರ ಕೈಯಲ್ಲಿ. ಇಬ್ಬರೂ ಸೇರಿ ಇದನ್ನು ಬೆಳೆಸಲು ಆಗುವುದಿಲ್ಲ. ಇದನ್ನು ಅವರು ರೋಗ ಎಂದು ಕರೆಯಲಿಲ್ಲ. ನಿಜವಾದ ಒಡನಾಟದ ಜಾಗವನ್ನೆಲ್ಲ ಇದೇ ಆಕ್ರಮಿಸಿಕೊಂಡಾಗ ಮಾತ್ರ ಚಿಂತಿಸಬೇಕಾದ ವಿಷಯ ಎಂದರು. ಇನ್ನೂ ಒಂದು ಮಾತು ಹೇಳಿದರು, ಇವತ್ತಿಗೆ ಅದೇ ಮುಖ್ಯ: ನೋಡುವವರು ಯಾವಾಗ ಬೇಕಾದರೂ ಎದ್ದು ಹೋಗಬಹುದು.

ಆ ಕಾಲಕ್ಕೆ ಇದು ಹೇಳಬೇಕಾದ ಮಾತೇ ಅಲ್ಲ ಅನಿಸುತ್ತದೆ. ಕಾರ್ಯಕ್ರಮ ತಾನಾಗೇ ಮುಗಿಯುತ್ತಿತ್ತಲ್ವಾ. ಮುಂದಿನದು ನಾಳೆ, ಇಲ್ಲವೇ ಮುಂದಿನ ವಾರ. ಹಿಡಿತ ಅವರದಾದರೂ ಬಾಗಿಲು ಇವರದಾಗಿತ್ತು.

ಒಂದೂವರೆ ಅಡಿ ದೂರ

ಗೊತ್ತಿಲ್ಲದವರನ್ನು ಹಚ್ಚಿಕೊಳ್ಳುವುದು ಪೆದ್ದುತನ ಎಂದು ನಗುವವರಿದ್ದಾರೆ. ಆ ನಗು ಅವಸರದ್ದು. ಒಂದು ಮಾಮೂಲಿ ವಿಡಿಯೋ ತೆಗೆದುಕೊಂಡು ನೋಡೋಣ.

ಹಾಸಿಗೆ ಅಂಚಿನಲ್ಲಿ ಕೂತ ಒಬ್ಬ ಹುಡುಗಿ. ಆಗಷ್ಟೇ ಎದ್ದ ಮುಖ, ಕೂದಲು ಬಾಚಿಲ್ಲ. ಫೋನನ್ನು ಕೈ ಚಾಚಿ ಹಿಡಿದಿದ್ದಾಳೆ. ‘ನಿನ್ನೆ ರಾತ್ರಿ ನಿದ್ದೆನೇ ಬರ್ಲಿಲ್ಲ ಗೊತ್ತಾ’ ಎಂದು ಶುರು ಮಾಡುತ್ತಾಳೆ. ಹಿಂದೆ ಮಡಚದ ಬಟ್ಟೆಯ ರಾಶಿ. ನಡುವೆ ಒಮ್ಮೆ ಮಾತು ತಪ್ಪುತ್ತದೆ, ನಗುತ್ತಾಳೆ, ಆ ತಪ್ಪನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಾಳೆ. ‘ಯಾರಿಗೂ ಹೇಳಿಲ್ಲ, ನಿಮ್ಗೆ ಹೇಳ್ತಿದೀನಿ’ ಎನ್ನುತ್ತಾಳೆ. ನೋಡುತ್ತಿರುವವರು ಹಾಸಿಗೆಯಲ್ಲೇ ಮಲಗಿ, ಅಂಗೈ ಅಗಲದ ಪರದೆಯನ್ನು ಮುಖದ ಹತ್ತಿರ ಹಿಡಿದಿದ್ದಾರೆ.

ಇದರಲ್ಲಿ ನಾಲ್ಕೈದು ಕೆಲಸ ಒಟ್ಟಿಗೆ ನಡೆಯುತ್ತಿವೆ. ಮನುಷ್ಯರ ನಡುವಿನ ಅಂತರವನ್ನು ಅಧ್ಯಯನ ಮಾಡಿದ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಒಂದು ಅಳತೆ ಕೊಟ್ಟಿದ್ದರು. ಸುಮಾರು 45 ಸೆಂಟಿಮೀಟರ್ ಒಳಗೆ, ಅಂದರೆ ಒಂದೂವರೆ ಅಡಿ ಒಳಗೆ, ನಾವು ಬಿಟ್ಟುಕೊಳ್ಳುವುದು ತೀರಾ ಆಪ್ತರನ್ನು ಮಾತ್ರ. ಫೋನ್ ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಟಿವಿಯಲ್ಲಿ ಕಂಡ ಮುಖ ಕೋಣೆಯ ಆ ಬದಿಯಲ್ಲಿತ್ತು. ಈ ಮುಖ ದಿಂಬಿನ ಪಕ್ಕದಲ್ಲಿದೆ.

ಎರಡನೆಯದು, ಪದೇ ಪದೇ ಕಾಣುವುದು. ಯಾವುದನ್ನೇ ಆದರೂ ಮತ್ತೆ ಮತ್ತೆ ಕಂಡರೆ ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾಂಕ್ 1968ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ದಿನಾ ಕಾಣುವ ಮುಖಕ್ಕೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಮೂರನೆಯದು, ಗುಟ್ಟು ಹೇಳುವುದು. ನಿಜ ಜೀವನದಲ್ಲಿ ಒಬ್ಬರು ತಮ್ಮ ನೋವು ಹೇಳಿಕೊಂಡರೆ ಅದು ನಂಬಿಕೆಯ ಗುರುತು. ಕೇಳಿದವರಿಗೆ ತಾವೂ ಹತ್ತಿರದವರು ಎಂಬ ಭಾವ ಬರುತ್ತದೆ. ಆ ಗುಟ್ಟನ್ನು ಇನ್ನೂ ಆರು ಲಕ್ಷ ಜನ ಕೇಳಿಸಿಕೊಂಡಿದ್ದಾರೆ ಎಂಬುದು ತಲೆಗೆ ಗೊತ್ತು, ಎದೆಗೆ ಗೊತ್ತಾಗುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್ 1990ರ ದಶಕದಲ್ಲಿ ಇದನ್ನೇ ಬೇರೆ ರೀತಿ ಕಂಡುಕೊಂಡರು. ಜನ ಕಂಪ್ಯೂಟರ್ ಜೊತೆ, ಟಿವಿ ಜೊತೆ ಕೂಡ ಮನುಷ್ಯರ ಜೊತೆ ಇರುವ ಹಾಗೇ ಇರುತ್ತಾರೆ, ಮರ್ಯಾದೆ ಕೂಡ ಕೊಡುತ್ತಾರೆ. ಇದರಲ್ಲಿ ಪೆದ್ದುತನದ ಪ್ರಶ್ನೆ ಇಲ್ಲ. ನಮ್ಮ ಮನಸ್ಸು ರೂಪುಗೊಂಡ ಕಾಲದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಮುಖ ಅಂದರೆ ಅದು ಎದುರಿಗೇ ಇರುವ ಮನುಷ್ಯನದೇ ಆಗಿತ್ತು. ಬೇರೆ ಸಾಧ್ಯತೆ ಇರಲಿಲ್ಲ.

ಒಂದು ಸಂದೇಶ, ಲಕ್ಷ ಹೆಸರು

ಮೇಲಿನ ವಿಡಿಯೋದಲ್ಲಿ ಲೆಕ್ಕಾಚಾರ ಇದೆಯೋ ಇಲ್ಲವೋ ಹೇಳುವುದು ಕಷ್ಟ. ಆ ಹುಡುಗಿಗೆ ನಿಜವಾಗಲೂ ನಿದ್ದೆ ಬಂದಿಲ್ಲದಿರಬಹುದು. ಲೆಕ್ಕಾಚಾರ ಕಣ್ಣಿಗೆ ಕಾಣಬೇಕಾದರೆ ‘ಬಬಲ್’ ಎಂಬ ಆ್ಯಪ್ ನೋಡಬೇಕು. ಕೊರಿಯಾದ ಪಾಪ್ ಗಾಯಕರ ಅಭಿಮಾನಿಗಳಿಗಾಗಿ 2020ರಲ್ಲಿ ಶುರುವಾದದ್ದು ಇದು.

ಅಭಿಮಾನಿ ಒಬ್ಬೊಬ್ಬ ಗಾಯಕರಿಗೂ ತಿಂಗಳ ಚಂದಾ ಕಟ್ಟುತ್ತಾರೆ. ಗಾಯಕ ತನ್ನ ಫೋನಿನಿಂದ ಒಂದು ಸಂದೇಶ ಬರೆಯುತ್ತಾನೆ. ‘ಊಟ ಆಯ್ತಾ?’ ಎಂದೇ ಇರಲಿ. ಅದು ಚಂದಾದಾರರೆಲ್ಲರಿಗೂ ಒಂದೇ ಸಲ ಹೋಗುತ್ತದೆ. ಆದರೆ ಪ್ರತಿಯೊಬ್ಬರ ಪರದೆಯಲ್ಲೂ ಅದು ಇಬ್ಬರ ನಡುವಿನ ಚಾಟ್ ಆಗಿ ತೆರೆದುಕೊಳ್ಳುತ್ತದೆ. ಗಾಯಕ ಹೆಸರಿನ ಜಾಗದಲ್ಲಿ ಒಂದು ಗುರುತು ಹಾಕಿದರೆ ಸಾಕು, ಆ ಜಾಗದಲ್ಲಿ ಆಯಾ ಅಭಿಮಾನಿಯ ಹೆಸರು ತಾನೇ ಬಂದು ಕೂರುತ್ತದೆ. ಅಭಿಮಾನಿ ಉತ್ತರ ಬರೆಯಬಹುದು, ಇಂತಿಷ್ಟೇ ಅಕ್ಷರ ಎಂಬ ಮಿತಿಯೊಳಗೆ. ಚಂದಾ ಹಳೆಯದಾದಷ್ಟೂ ಆ ಮಿತಿ ಹಿಗ್ಗುತ್ತಾ ಹೋಗುತ್ತದೆ. ಜಾಸ್ತಿ ದಿನ ಜೊತೆಗಿದ್ದವರಿಗೆ ಜಾಸ್ತಿ ಮಾತಾಡುವ ಹಕ್ಕು. ಉತ್ತರಗಳು ಆ ತುದಿಯಲ್ಲಿ ಹೊಳೆಯ ಹಾಗೆ ಹರಿದುಹೋಗುತ್ತವೆ, ಯಾವುದನ್ನು ಗಾಯಕ ಓದಿದ ಎಂದು ಯಾರಿಗೂ ತಿಳಿಯದು.

ಯೂಟ್ಯೂಬ್ ಲೈವ್‌ನಲ್ಲಿ 2017ರಿಂದ ಇರುವ ಸೂಪರ್ ಚಾಟ್ ಕೂಡ ಇದೇ ಜಾತಿಯದು. ದುಡ್ಡು ಕೊಟ್ಟರೆ ನಿಮ್ಮ ಕಮೆಂಟ್ ಬಣ್ಣದಲ್ಲಿ ಮೇಲೆ ನಿಲ್ಲುತ್ತದೆ. ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಕೊಟ್ಟ ದುಡ್ಡಿನ ಮೇಲೆ. ಗರಿಷ್ಠ ಐದು ಗಂಟೆ. ಆ ಕಮೆಂಟ್ ಬರೆದವರ ಹೆಸರನ್ನು ಲೈವ್‌ನಲ್ಲಿ ಕೂತವರು ಓದಿ ‘ಥ್ಯಾಂಕ್ಯೂ’ ಎನ್ನುವುದು ಎರಡು ಸೆಕೆಂಡ್. ಆ ಎರಡು ಸೆಕೆಂಡ್ ಮಾತ್ರ ಒಮ್ಮುಖ ನಂಟು ಇಮ್ಮುಖ ಆಗುತ್ತದೆ. ಅದಕ್ಕೇ ಬೆಲೆ.

ನಿಮಿಷಗಳ ವ್ಯಾಪಾರ

ಈಗ ಹೊತ್ತಿನ ವಿಷಯ. ಇಲ್ಲಿ ಕಾರಣ ಮತ್ತು ಪರಿಣಾಮವನ್ನು ಒಂದೊಂದಾಗಿ ಜೋಡಿಸಬೇಕು.

ಜಾಲತಾಣಗಳ ಮುಖ್ಯ ಆದಾಯ ಜಾಹೀರಾತಿನದು. ಜನ ಎಷ್ಟು ಹೊತ್ತು ಉಳಿಯುತ್ತಾರೋ ಅಷ್ಟು ಜಾಹೀರಾತು ತೋರಿಸಬಹುದು. ಮೊದಮೊದಲು ಯೂಟ್ಯೂಬ್ ಲೆಕ್ಕ ಹಾಕುತ್ತಿದ್ದುದು ಎಷ್ಟು ಜನ ಕ್ಲಿಕ್ ಮಾಡಿದರು ಎಂದು. ಅದರಿಂದ ಆಕರ್ಷಕ ತಲೆಬರಹ ಹಾಕಿ ಒಳಗೆ ಏನೂ ಇಲ್ಲದ ವಿಡಿಯೋಗಳು ತುಂಬಿಕೊಂಡವು. 2012ರಲ್ಲಿ ಲೆಕ್ಕ ಬದಲಾಯಿತು. ಎಷ್ಟು ಹೊತ್ತು ನೋಡಿದರು ಎಂಬುದನ್ನು ಮುಖ್ಯ ಮಾಡಿಕೊಂಡು ವಿಡಿಯೋಗಳನ್ನು ಶಿಫಾರಸು ಮಾಡತೊಡಗಿದರು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ವಿಡಿಯೋ ಮಾಡುವವರಿಗೆ ಅದರಿಂದ ಸಿಕ್ಕ ಪಾಠ ಬೇರೆ. ಒಮ್ಮೆ ಬಂದವರು ಎದ್ದು ಹೋಗಬಾರದು, ನಾಳೆ ಮತ್ತೆ ಬರಬೇಕು.

ಜನರನ್ನು ಹಾಗೆ ಕೂರಿಸುವುದು ಹೇಗೆ? ಮಾಹಿತಿ ಬೇಕಾದವರು ಅದು ಸಿಕ್ಕ ಕೂಡಲೇ ಹೊರಟುಬಿಡುತ್ತಾರೆ. ತಮಾಷೆಗೆ ಬಂದವರು ಇನ್ನೊಂದು ತಮಾಷೆ ಹುಡುಕುತ್ತಾರೆ. ಉಳಿಯುವವರು ಹಚ್ಚಿಕೊಂಡವರು. ಅವರು ವಿಷಯಕ್ಕಾಗಿ ಬರುವುದಿಲ್ಲ, ಆ ವ್ಯಕ್ತಿಗಾಗಿ ಬರುತ್ತಾರೆ. ತಲೆಬರಹ ಸಪ್ಪೆ ಇದ್ದರೂ ಬರುತ್ತಾರೆ. ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಇರುತ್ತಾರೆ. ಇದನ್ನು ಕಂಡ ಆಲ್ಗಾರಿದಂ, ಅಂದರೆ ಯಾರಿಗೆ ಏನು ತೋರಿಸಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ, ಆ ವಿಡಿಯೋವನ್ನು ಇನ್ನಷ್ಟು ಜನರ ಮುಂದೆ ಇಡುತ್ತದೆ. ವಿಡಿಯೋ ಮಾಡುವವರು ಅಡುಗೆ, ವ್ಯಾಯಾಮ, ಪರೀಕ್ಷೆ ತಯಾರಿ ಎಂದು ಏನೇ ಶುರು ಮಾಡಿರಲಿ, ಸ್ವಲ್ಪ ದಿನಕ್ಕೆ ತಮ್ಮ ಮದುವೆ, ಜಗಳ, ಆಸ್ಪತ್ರೆ, ಅಳು ತೋರಿಸತೊಡಗುವುದು ಇದಕ್ಕೇ. ನೋಟ ಸಿಗುವುದು ಅಲ್ಲಿ ಎಂದು ಅಂಕಿಗಳು ಅವರಿಗೆ ದಿನಾ ಹೇಳುತ್ತಿರುತ್ತವೆ.

ಇನ್ನೊಂದು ಸಣ್ಣ ಸಂಗತಿ. ವಿಡಿಯೋದ ನಡುವೆ ಜಾಹೀರಾತು ಹಾಕಬೇಕಾದರೆ ಅದು ಕನಿಷ್ಠ 10 ನಿಮಿಷ ಇರಬೇಕು ಎಂಬ ನಿಯಮ ಯೂಟ್ಯೂಬ್‌ನಲ್ಲಿತ್ತು. 2020ರ ಜುಲೈನಲ್ಲಿ ಅದನ್ನು 8 ನಿಮಿಷಕ್ಕೆ ಇಳಿಸಿದರು. ಮೂರು ನಿಮಿಷದಲ್ಲಿ ಮುಗಿಯುವ ಮಾತಿಗೆ ಎಂಟು ನಿಮಿಷ ಯಾಕೆ ತೆಗೆದುಕೊಳ್ಳುತ್ತಾರೆ ಎಂದು ಸುಮ್ನೆ ಕಿರಿಕಿರಿ ಪಟ್ಟವರಿಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ. ಇಂಥ ಜಾಹೀರಾತಿನ ಆದಾಯದಲ್ಲಿ 55 ಶೇಕಡ ವಿಡಿಯೋ ಮಾಡಿದವರಿಗೆ, ಉಳಿದದ್ದು ಕಂಪನಿಗೆ. ಹಾಗಾಗಿ ಹೊತ್ತು ಹಿಗ್ಗಿದರೆ ಇಬ್ಬರಿಗೂ ಲಾಭ. ನೋಡುವವರು ಆ ಲೆಕ್ಕದಲ್ಲಿ ಇಲ್ಲ.

ಬಾಗಿಲಿನ ಕತೆಯೂ ಇಲ್ಲಿಗೇ ಬರುತ್ತದೆ. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಪುಟ ಮುಗಿಯದೆ ಉರುಳುತ್ತಲೇ ಇರುವ ಸ್ಕ್ರೋಲ್ ರೂಪಿಸಿದರು. ಅದಕ್ಕೆ ಮುಂಚೆ ಪುಟದ ಕೊನೆಯಲ್ಲಿ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತುವಾಗ ಒಂದು ಕ್ಷಣ ಕೈ ತಡೆಯುತ್ತಿತ್ತು, ‘ಸಾಕು’ ಅನಿಸಲು ಅಷ್ಟು ಬಿಡುವು ಸಾಕಿತ್ತು. ಆ ಬಿಡುವೇ ಹೋಯಿತು. ರಾಸ್ಕಿನ್ ಆಮೇಲೆ ತಮ್ಮ ಈ ಕೆಲಸಕ್ಕೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಎದ್ದು ಹೋಗುವ ಸ್ವಾತಂತ್ರ್ಯವನ್ನು ಯಾರೂ ಕಿತ್ತುಕೊಂಡಿಲ್ಲ, ನಿಜ. ಎದ್ದು ಹೋಗಲು ನೆನಪು ಮಾಡುವ ವಿರಾಮಗಳನ್ನು ಮಾತ್ರ ಒಂದೊಂದಾಗಿ ತೆಗೆದುಹಾಕಿದ್ದಾರೆ.

ಕೇಡು ಎಷ್ಟು? ಇಲ್ಲೇ ಜಗಳ

ಇಷ್ಟು ಓದಿದ ಮೇಲೆ ಇದೆಲ್ಲ ಕೆಟ್ಟದ್ದೇ ಎಂದು ತೀರ್ಮಾನಿಸುವುದು ಸುಲಭ. ಸಂಶೋಧನೆಗಳು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಮೊದಲು ಹಚ್ಚಿಕೊಳ್ಳುವುದರ ಬಗ್ಗೆ. ಶೀರಾ ಗೇಬ್ರಿಯಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ಬಗ್ಗೆ ಕೀಳರಿಮೆ ಇರುವವರಿಗೆ ಮೆಚ್ಚಿನ ಪ್ರಸಿದ್ಧರ ನೆನಪು ಒಂದಿಷ್ಟು ಆಸರೆ ಕೊಡುತ್ತದೆ. ನಿಜವಾದ ಸ್ನೇಹದಲ್ಲಿ ತಿರಸ್ಕಾರದ ಭಯ ಇರುತ್ತದೆ, ಇಲ್ಲಿ ಅದಿಲ್ಲ. ಎಡ್ವರ್ಡ್ ಶಿಯಾಪ್ಪ ಮತ್ತಿತರರು 2005ರಲ್ಲಿ ಇನ್ನೊಂದು ಬಗೆ ತೋರಿಸಿದರು. ತಮಗೆ ಪರಿಚಯವೇ ಇಲ್ಲದ ಸಮುದಾಯದವರನ್ನು ಟಿವಿಯಲ್ಲಿ ನೋಡಿ ಹತ್ತಿರವಾದವರಲ್ಲಿ ಆ ಸಮುದಾಯದ ಬಗೆಗಿನ ಪೂರ್ವಗ್ರಹ ಕಡಿಮೆಯಾಗಿತ್ತು. ಮೆಚ್ಚಿನ ಪಾತ್ರ ಟಿವಿಯಿಂದ ಮರೆಯಾದರೆ ಏನಾಗುತ್ತದೆ ಎಂದು 2004ರಲ್ಲಿ ಜೊನಾಥನ್ ಕೋಹೆನ್ ನೋಡಿದರು. ನೋವಾಗುತ್ತದೆ, ಸ್ನೇಹ ಮುರಿದಾಗಿನ ನೋವಿನ ಜಾತಿಯದೇ ಅದು, ಆದರೆ ತೀವ್ರತೆ ಕಡಿಮೆ.

ಈಗ ಹೊತ್ತಿನ ಬಗ್ಗೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯ, ವಿವೇಕ್ ಮೂರ್ತಿ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ 3 ಗಂಟೆಗಿಂತ ಜಾಸ್ತಿ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಆತಂಕ, ಖಿನ್ನತೆಯ ಲಕ್ಷಣ ಕಾಣುವ ಅಪಾಯ ಎರಡು ಪಟ್ಟು ಎಂದು ಅದರಲ್ಲಿತ್ತು. ಇದಕ್ಕೆ ಎದುರಾಗಿ ಇಡುವ ಅಧ್ಯಯನ 2019ರದು. ಏಮಿ ಆರ್ಬೆನ್ ಮತ್ತು ಆ್ಯಂಡ್ರೂ ಶಿಬಿಲ್‌ಸ್ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ತೆಗೆದು ನೋಡಿದರು. ಅವರ ಮನಸ್ಸಿನ ಸ್ಥಿತಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4 ಶೇಕಡ ಎಂದರು. 2024ರಲ್ಲಿ ಇದೇ ಜಗಳ ಮನಶ್ಶಾಸ್ತ್ರಜ್ಞರಾದ ಜೊನಾಥನ್ ಹೈಟ್ ಮತ್ತು ಕ್ಯಾಂಡಿಸ್ ಆಜರ್ಸ್ ನಡುವೆ ಮತ್ತೆ ಎದ್ದಿತು. ಸ್ಮಾರ್ಟ್‌ಫೋನ್ ಮಕ್ಕಳ ಮನಸ್ಸನ್ನು ಹಾಳು ಮಾಡಿದೆ ಎಂಬುದು ಹೈಟ್ ವಾದ. ಮೊದಲೇ ಕುಗ್ಗಿದ ಮಕ್ಕಳು ಫೋನ್ ಜಾಸ್ತಿ ಹಿಡಿಯುತ್ತಿರಬಹುದು, ಕಾರಣವನ್ನೂ ಪರಿಣಾಮವನ್ನೂ ಅದಲು ಬದಲು ಮಾಡಬೇಡಿ ಎಂಬುದು ಆಜರ್ಸ್ ಉತ್ತರ.

ಇಬ್ಬರ ನಡುವೆ ಯಾರು ಸರಿ ಎಂದು ಹೇಳುವುದಕ್ಕಿಂತ, ಗಂಟೆಗಳನ್ನು ಎಣಿಸುವ ಅಧ್ಯಯನಗಳ ಒಂದು ಕೊರತೆ ಹೇಳಬೇಕು. ಅಕ್ಕನ ಜೊತೆ ವಿಡಿಯೋ ಕಾಲ್ ಒಂದು ಗಂಟೆ, ಗಣಿತದ ಪಾಠ ಒಂದು ಗಂಟೆ, ರಾತ್ರಿ ಎರಡಕ್ಕೆ ಅಪರಿಚಿತರೊಬ್ಬರ ಸಂಸಾರದ ಜಗಳ ನೋಡಿದ್ದು ಒಂದು ಗಂಟೆ. ‘ಸ್ಕ್ರೀನ್ ಟೈಮ್’ ಎಂಬ ಲೆಕ್ಕದಲ್ಲಿ ಮೂರೂ ಒಂದೇ. ಹೀಗೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಅಳೆದರೆ ಪರಿಣಾಮ ತೆಳುವಾಗಿ ಕಾಣುವುದರಲ್ಲಿ ಆಶ್ಚರ್ಯ ಇಲ್ಲ.

ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಅರ್ಥಶಾಸ್ತ್ರಜ್ಞರ ಎರಡು ಪ್ರಯೋಗ. 2018ರಲ್ಲಿ ಹಂಟ್ ಆಲ್ಕಾಟ್ ಮತ್ತಿತರರು ಒಂದಷ್ಟು ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಅವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು. ಮನಸ್ಸು ಸ್ವಲ್ಪ ಹಗುರಾಯಿತು, ಸುದ್ದಿಯ ತಿಳಿವಳಿಕೆ ಸ್ವಲ್ಪ ಕಡಿಮೆಯಾಯಿತು. ಪ್ರಯೋಗ ಮುಗಿದ ಮೇಲೂ ಅವರ ಬಳಕೆ ಮೊದಲಿನ ಮಟ್ಟಕ್ಕೆ ಏರಲಿಲ್ಲ.

ಎರಡನೆಯದು ಷಿಕಾಗೊ ವಿಶ್ವವಿದ್ಯಾಲಯದ ಲಿಯೊನಾರ್ಡೊ ಬರ್ಸ್ಟಿನ್ ಮತ್ತಿತರರದು, 2023ರಲ್ಲಿ ಹೊರಬಂತು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು: ನಾಲ್ಕು ವಾರ ಟಿಕ್‌ಟಾಕ್ ಬಿಡಲು ಎಷ್ಟು ಹಣ ಕೊಡಬೇಕು? ಸರಾಸರಿ 59 ಡಾಲರ್ ಎಂಬ ಉತ್ತರ ಬಂತು. ಅಷ್ಟು ಬೆಲೆ ಬಾಳುವ ವಸ್ತು ಅಂದಾಯಿತು. ಆಮೇಲೆ ಪ್ರಶ್ನೆ ತಿರುಗಿಸಿದರು: ನಿಮ್ಮ ಕಾಲೇಜಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಟ್ಟಿಗೆ ಬಿಡುವುದಾದರೆ? ಈಗ ಹಣ ಕೇಳುವುದಿರಲಿ, ಅಂಥ ಏರ್ಪಾಡಿಗೆ ತಾವೇ ಸರಾಸರಿ 28 ಡಾಲರ್ ಕೊಡಲು ತಯಾರಾದರು. ಇನ್‌ಸ್ಟಾಗ್ರಾಂನಲ್ಲೂ ಇದೇ ಕತೆ, ಅಂಕಿ ಬೇರೆ. ಅಂದರೆ ಬಹಳ ಜನ ಅಲ್ಲಿರುವುದು ಅಲ್ಲಿ ಸುಖ ಇದೆ ಎಂದಲ್ಲ. ಉಳಿದವರೆಲ್ಲ ಅಲ್ಲಿರುವಾಗ ತಾವೊಬ್ಬರೇ ಹೊರಗಿರುವುದು ಇನ್ನೂ ಕಷ್ಟ ಎಂದು.

ಆ ತುದಿಯಲ್ಲಿ ಕೂತವರು

ಇನ್‌ಫ್ಲುಯೆನ್ಸರ್‌ಗಳನ್ನು, ಅಂದರೆ ಹೀಗೆ ವಿಡಿಯೋ ಮಾಡಿ ಹೆಸರಾದವರನ್ನು, ಖಳರನ್ನಾಗಿ ಮಾಡುವುದು ಸುಲಭ. ಒಮ್ಮುಖ ನಂಟಿನ ಲಾಭ ಅವರದು, ನಷ್ಟ ನೋಡುಗರದು ಎಂಬ ಮಾತು ಅರ್ಧ ನಿಜ. ಹಾರ್ಟನ್ ಮತ್ತು ವೋಲ್ ಕಾಲದಲ್ಲಿ ಹಿಡಿತ ಮಾತಾಡುವವರ ಕೈಯಲ್ಲಿತ್ತು. ಈಗ ಅದು ಅವರ ಕೈಯಲ್ಲೂ ಪೂರ್ತಿ ಇಲ್ಲ.

ಒಂದು ವಾರ ವಿಡಿಯೋ ಹಾಕದಿದ್ದರೆ ಶಿಫಾರಸು ಇಳಿಯಬಹುದು ಎಂಬ ಭಯ ಅವರನ್ನು ಬಿಡುವುದಿಲ್ಲ. ಯಾಕೆ ಇಳಿಯಿತು, ಯಾಕೆ ಏರಿತು ಎಂದು ಹೇಳುವವರಿಲ್ಲ. ಬದುಕಿನ ಒಂದು ಕೋಣೆ ತೋರಿಸಿದರೆ ಇನ್ನೊಂದನ್ನೂ ತೋರಿಸಿ ಎನ್ನುತ್ತಾರೆ. ತೋರಿಸದಿದ್ದರೆ ಮೋಸ ಮಾಡಿದರು ಎನ್ನುತ್ತಾರೆ. ನಿಶ್ಚಿತಾರ್ಥ ಆದರೆ, ಮದುವೆ ಮುರಿದರೆ, ದಪ್ಪ ಆದರೆ, ಅಭಿಪ್ರಾಯ ಬದಲಿಸಿದರೆ ಲೆಕ್ಕ ಕೇಳುವವರು ಸಿದ್ಧ. ‘ನಿನ್ನನ್ನು ಬೆಳೆಸಿದ್ದು ನಾವು’ ಎಂಬ ಕಮೆಂಟ್ ಯಾವ ಭಾಷೆಯ ಚಾನೆಲ್‌ನಲ್ಲೂ ಸಿಗುತ್ತದೆ. ಅದರಲ್ಲಿ ಸತ್ಯವೂ ಇರುವುದರಿಂದ ಉತ್ತರ ಕೊಡುವುದು ಇನ್ನೂ ಕಷ್ಟ.

2025ರಲ್ಲಿ ‘ಪ್ಯಾರಾಸೋಶಿಯಲ್’ ಎಂಬ ಪದವನ್ನು ಜನ ಹುಡುಕಿದ ಸಂದರ್ಭಗಳಲ್ಲಿ ಒಂದು, ಲೈವ್ ವಿಡಿಯೋ ಮಾಡುವ ಐಶೋಸ್ಪೀಡ್ ಎಂಬ ಸ್ಟ್ರೀಮರ್ ಅತಿಯಾಗಿ ಹಿಂದೆ ಬಿದ್ದ ಅಭಿಮಾನಿಯನ್ನು ಇದೇ ಪದದಿಂದ ಕರೆದು ಬ್ಲಾಕ್ ಮಾಡಿದ್ದು. ವಿಚಿತ್ರ ನೋಡಿ. ಹತ್ತಿರ ಬನ್ನಿ ಎಂದು ಕರೆಯುವುದೇ ಅವರ ಕಸುಬು, ತೀರಾ ಹತ್ತಿರ ಬಂದವರನ್ನು ತಳ್ಳುವುದೂ ಅವರಿಗೆ ಅನಿವಾರ್ಯ. ಎಲ್ಲಿ ಗೆರೆ ಎಂದು ಮೊದಲೇ ಹೇಳಿದರೆ ಕಸುಬು ನಡೆಯುವುದಿಲ್ಲ.

ಕಾನೂನಿನ ಕೈಗೆ ಸಿಕ್ಕದ್ದು

ಈಗ ಆಸ್ಟ್ರೇಲಿಯಾದ ಕಾನೂನಿಗೆ ಬರೋಣ. 2024ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಇದನ್ನು ಒಪ್ಪಿತು. ಮಕ್ಕಳಿಗಾಗಲಿ ಹೆತ್ತವರಿಗಾಗಲಿ ದಂಡ ಇಲ್ಲ. ಹೊಣೆ ಕಂಪನಿಗಳದು, ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಬರ್ಸ್ಟಿನ್ ಪ್ರಯೋಗವನ್ನು ಇಟ್ಟುಕೊಂಡು ನೋಡಿದರೆ ಈ ಕಾನೂನಿನ ಪರವಾಗಿ ಗಟ್ಟಿ ವಾದ ಇದೆ. ಒಬ್ಬ ಮಗುವಿನ ಫೋನ್ ಕಿತ್ತುಕೊಂಡರೆ ಆ ಮಗು ಒಂಟಿ. ಎಲ್ಲರಿಗೂ ಒಟ್ಟಿಗೆ ಇಲ್ಲ ಎಂದರೆ ಯಾರೂ ಒಂಟಿ ಅಲ್ಲ.

ವಿರೋಧಿಸುವವರ ಮಾತಿನಲ್ಲೂ ತೂಕ ಇದೆ. ವಯಸ್ಸು ಪತ್ತೆ ಮಾಡಲು ಮುಖದ ಸ್ಕ್ಯಾನ್, ಗುರುತಿನ ಚೀಟಿ ಕೇಳಿದರೆ ದೊಡ್ಡವರ ಖಾಸಗಿತನಕ್ಕೂ ಪೆಟ್ಟು. ಊರಲ್ಲಿ ತಮ್ಮಂಥವರು ಯಾರೂ ಇಲ್ಲದ ಮಕ್ಕಳಿಗೆ ಜಾಲತಾಣವೇ ಗೆಳೆಯರ ಬಳಗ, ಅದೂ ಹೋಗುತ್ತದೆ. ಸುಳ್ಳು ವಯಸ್ಸು ಹಾಕಿ ಒಳಗೆ ನುಗ್ಗುವವರನ್ನು ತಡೆಯುವುದೂ ಕಷ್ಟ.

ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಬೇರೆ. ಈ ಕಾನೂನು ತಡೆಯುವುದು ಖಾತೆಯನ್ನು. ಖಾತೆ ಇಲ್ಲದೆ ಯೂಟ್ಯೂಬ್ ನೋಡುವುದನ್ನು ಅದು ತಡೆಯುವುದಿಲ್ಲ. ಖಾತೆ ಹೋದರೆ ಕಮೆಂಟ್ ಹೋಗುತ್ತದೆ, ಲೈಕ್ ಹೋಗುತ್ತದೆ, ಸಬ್‌ಸ್ಕ್ರೈಬ್ ಹೋಗುತ್ತದೆ. ನೋಡುವುದು ಮಾತ್ರ ಉಳಿಯುತ್ತದೆ. ಇದರಲ್ಲಿ ಒಳ್ಳೆಯದಿದೆ: ಯಾರಿಗೆ ಏನು ಇಷ್ಟ ಎಂದು ಗುರುತಿಟ್ಟು ಬೆನ್ನುಹತ್ತುವ ಶಿಫಾರಸು ದುರ್ಬಲವಾಗುತ್ತದೆ. ಜೊತೆಗೆ ಒಂದು ತಮಾಷೆಯೂ ಇದೆ. ಅಷ್ಟೋ ಇಷ್ಟೋ ಇಮ್ಮುಖವಾಗಿದ್ದ ನಂಟನ್ನು ಅದು ಅಪ್ಪಟ ಒಮ್ಮುಖ ಮಾಡುತ್ತದೆ. ಹಚ್ಚಿಕೊಳ್ಳುವುದನ್ನು ತಡೆಯುವ ಕಾನೂನು ಎಂದು ಇದನ್ನು ಓದಿದವರಿಗೆ ಗೊಂದಲ ಆದದ್ದು ಇದಕ್ಕೇ. ಇದು ಹೊತ್ತಿನ ಕಾನೂನು, ಸಲುಗೆಯದಲ್ಲ.

ಸಲುಗೆಯ ದುರ್ಬಳಕೆಗೆ ಇರುವ ಕಾನೂನುಗಳು ಬೇರೆ. ಹಣ ಪಡೆದು ಹೊಗಳಿದರೆ ಹಾಗೆಂದು ಹೇಳಲೇಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಅಮೆರಿಕದ ವ್ಯಾಪಾರ ಆಯೋಗ 2017ರ ಏಪ್ರಿಲ್‌ನಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೂ ಕಂಪನಿಗಳಿಗೂ 90ಕ್ಕೂ ಹೆಚ್ಚು ಪತ್ರ ಬರೆದು ಇದನ್ನು ನೆನಪಿಸಿತ್ತು. ನಿಯಮ ಬೇಕು, ಸರಿ. ಅದರ ಮಿತಿಯೂ ಕಾಣುತ್ತದೆ. ‘ಇದು ಜಾಹೀರಾತು’ ಎಂಬ ಸಾಲು ಅಪರಿಚಿತರ ಮಾತಿನ ಮೇಲೆ ಅನುಮಾನ ಹುಟ್ಟಿಸುತ್ತದೆ. ಮೂರು ವರ್ಷದಿಂದ ದಿನಾ ನೋಡಿದ ಮುಖ ಅದೇ ಸಾಲನ್ನು ನಗುತ್ತಾ ಹೇಳಿದರೆ ‘ಪಾಪ, ಅವರೂ ದುಡೀಬೇಕಲ್ಲ’ ಅನಿಸುತ್ತದೆ.

ಮನುಷ್ಯರೇ ಇಲ್ಲದ ನಂಟು

ಕೇಂಬ್ರಿಜ್ ನಿಘಂಟು ಕೊಟ್ಟಿರುವ ಅರ್ಥದಲ್ಲಿ ಒಂದು ಸಣ್ಣ ತುಂಡು ಸುಲಭವಾಗಿ ಕಣ್ತಪ್ಪಿ ಹೋಗುವಂಥದ್ದು. ಪರಿಚಯ ಇಲ್ಲದ ಪ್ರಸಿದ್ಧ ವ್ಯಕ್ತಿ, ಕತೆಯ ಪಾತ್ರ, ಇವುಗಳ ಸಾಲಿನಲ್ಲೇ ಕೃತಕ ಬುದ್ಧಿಮತ್ತೆಯನ್ನೂ ಅದು ಸೇರಿಸಿದೆ.

ಇಲ್ಲಿ ಹಾರ್ಟನ್ ಮತ್ತು ವೋಲ್ ಹಾಕಿದ ಲೆಕ್ಕ ತಲೆಕೆಳಗಾಗುತ್ತದೆ. ಚಾಟ್‌ಬಾಟ್, ಅಂದರೆ ಮನುಷ್ಯರ ಹಾಗೆ ಮಾತಾಡುವ ತಂತ್ರಾಂಶ, ಉತ್ತರ ಕೊಡುತ್ತದೆ. ಯಾವ ಹೊತ್ತಿಗೂ, ನಿಮಗೊಬ್ಬರಿಗೇ, ನಿನ್ನೆ ಹೇಳಿದ್ದನ್ನು ನೆನಪಿಟ್ಟುಕೊಂಡು. ಬಬಲ್ ಆ್ಯಪ್ ನಟಿಸುತ್ತಿದ್ದ ಇಬ್ಬರ ಮಾತುಕತೆ ಇಲ್ಲಿ ನಿಜಕ್ಕೂ ನಡೆಯುತ್ತದೆ. ಆದರೆ ಆ ತುದಿಯಲ್ಲಿ ಯಾರೂ ಇಲ್ಲ. ಇನ್‌ಫ್ಲುಯೆನ್ಸರ್‌ಗೆ ಆಯಾಸ ಆಗುತ್ತಿತ್ತು, ಲೈವ್ ಮುಗಿಯುತ್ತಿತ್ತು. ಇದಕ್ಕೆ ಮುಗಿಯಲು ಕಾರಣವೇ ಇಲ್ಲ. ಮಕ್ಕಳ ವಿಷಯದಲ್ಲಿ ಅಪಾಯ ಕಂಡು, ಪಾತ್ರಗಳ ಜೊತೆ ಹರಟಲು ಬಿಡುವ ಕ್ಯಾರೆಕ್ಟರ್.ಎಐ ಎಂಬ ಕಂಪನಿ 18 ತುಂಬದವರಿಗೆ ಅಂಥ ಮುಕ್ತ ಹರಟೆಯನ್ನು 2025ರ ನವೆಂಬರ್‌ನಲ್ಲಿ ನಿಲ್ಲಿಸಿತು. ಅದಕ್ಕೆ ಮುಂಚೆ ಅದರ ಮೇಲೆ ಹೆತ್ತವರು ಹೂಡಿದ ಮೊಕದ್ದಮೆಗಳಿದ್ದವು.

ದೊಡ್ಡವರ ವಿಷಯದಲ್ಲಿ ಏನಾಗಬಹುದು ಎಂಬುದರ ಸಣ್ಣ ನೋಟ 2025ರ ಆಗಸ್ಟ್‌ನಲ್ಲಿ ಸಿಕ್ಕಿತು. ಓಪನ್‌ಎಐ ಕಂಪನಿ ಜಿಪಿಟಿ-5 ಎಂಬ ಹೊಸ ಮಾದರಿ ಬಿಡುಗಡೆ ಮಾಡಿ, ತನ್ನ ಚಾಟ್‌ಬಾಟ್ ಆದ ಚಾಟ್‌ಜಿಪಿಟಿಯಿಂದ ಜಿಪಿಟಿ-4ಒ ಎಂಬ ಹಳೆಯ ಮಾದರಿಯನ್ನು ತೆಗೆದುಹಾಕಿತು. ಕಂಪನಿಯ ದೃಷ್ಟಿಯಲ್ಲಿ ಅದು ಹಳೆಯ ತಂತ್ರಾಂಶದ ಜಾಗಕ್ಕೆ ಹೊಸದು, ಅಷ್ಟೇ. ಬಳಸುತ್ತಿದ್ದ ಎಷ್ಟೋ ಜನರಿಗೆ ಹಾಗನಿಸಲಿಲ್ಲ. ಸ್ನೇಹಿತರನ್ನು ಕಳೆದುಕೊಂಡ ಹಾಗಾಗಿದೆ, ಹೊಸದು ತಣ್ಣಗೆ ಮಾತಾಡುತ್ತದೆ, ನಮಗೆ ಹಳೆಯದೇ ಬೇಕು ಎಂದು ಬರೆದರು. ಕೋಹೆನ್ 2004ರಲ್ಲಿ ಟಿವಿ ಪಾತ್ರಗಳ ಬಗ್ಗೆ ಬರೆದ ನೋವು ಇದೇ. ವ್ಯತ್ಯಾಸ ಒಂದೇ. ಟಿವಿ ಪಾತ್ರ ಹೋದರೆ ಹೋಯಿತು. ಜಿಪಿಟಿ-4ಒ ಆಗ ಕೆಲವೇ ದಿನಗಳಲ್ಲಿ ವಾಪಸ್ ಬಂತು, ದುಡ್ಡು ಕೊಡುವ ಚಂದಾದಾರರಿಗೆ.